ಹೆಸರು ಹಾಕದ ಪ್ರತಿಗಳು

ಲೇಡೀಸ್ ಹಾಸ್ಟೆಲ್, ಗೌರಿಬಿದನೂರು
ಸೆಪ್ಟೆಂಬರ್ 2008

ಮೋಹನ್‌ಬಾಬು ಸರ್ ಅವರಿಗೆ ನಮಸ್ಕಾರ.

ಫಿಸಿಕ್ಸ್ ನೋಟ್ಸ್ ಕದ್ದು ಹಂಚಿದ್ದಕ್ಕೆ ಕ್ಷಮಾಪಣೆ ಬರೆದುಕೊಡು, ಇಲ್ಲದಿದ್ದರೆ ಲ್ಯಾಬಿಗೆ ಸೇರಿಸಲ್ಲ ಎಂದಿರಿ. ಹಾಗೆ ಬರೆಯಲಾರೆ ಸರ್. ನಾನು ಕದ್ದಿಲ್ಲ.

ಆ ನೋಟ್ಸಿನಲ್ಲಿರುವ ಶಾಖದ ಪಾಠವನ್ನು ಇಂಟರ್ನೆಟ್ಟಿಗೆ ಹಾಕಿದ್ದು ವಿದೇಶದ ಒಂದು ಯೂನಿವರ್ಸಿಟಿಯೇ. ಯಾರು ಬೇಕಾದರೂ ನಕಲು ಮಾಡಬಹುದು, ಅನುವಾದಿಸಬಹುದು, ಬದಲಾಯಿಸಿ ಹಂಚಬಹುದು, ಬರೆದವರ ಹೆಸರು ಮಾತ್ರ ಹಾಕಬೇಕು ಎಂದು ಅಲ್ಲೇ ಲೈಸೆನ್ಸ್ ಇದೆ. ಅದರ ಪ್ರಿಂಟ್ ಇದರೊಂದಿಗೆ ಇಟ್ಟಿದ್ದೇನೆ. ನಾನು ಪಾಠವನ್ನು ಕನ್ನಡಕ್ಕೆ ತಂದೆ. ಹಿಮ ಕರಗುವ ಅವರ ಉದಾಹರಣೆ ತೆಗೆದು, ರೇಷ್ಮೆಗೂಡು ಬೇಯಿಸುವ ನೀರನ್ನು ಹಾಕಿದೆ. ಟೆಸ್ಟಿನಲ್ಲಿ ಫೇಲಾಗಿ ಮನೆಗೆ ಹೊರಟಿದ್ದ ಸೌಜನ್ಯ, ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ರೀಲರ್ ಮಗಳು, ಅದನ್ನು ಓದಿ ಕಿರುಚಿದಳು: “ಕುದಿಯೋ ನೀರು ಎಷ್ಟು ಸೌದೆ ಹಾಕಿದ್ರೂ ಇನ್ನೂ ಬಿಸಿ ಆಗಲ್ವಾ? ಹಂಗಾದ್ರೆ ನಮ್ಮಪ್ಪ ಸೌದೆ ದಂಡ ಮಾಡ್ತಾವ್ರೆ ಕಣೇ!” ಅವಳು ಊರಿಗೆ ಹೋಗಲಿಲ್ಲ.

ಒಂದು ತಪ್ಪು ನನ್ನದೇ. ಇಂಗ್ಲಿಷ್ ಮೀಡಿಯಂ ಹಾಸ್ಟೆಲಿನಲ್ಲಿ ಬೆಳೆದವಳ ಹರಕು ಕನ್ನಡದ ಮೇಲೆ ಅಷ್ಟು ದೊಡ್ಡ ಪ್ರೊಫೆಸರ್ ಹೆಸರು ಹಾಕಲು ನಾಚಿಕೆಯಾಗಿ ಬಿಟ್ಟುಬಿಟ್ಟೆ. ಅವರು ಕೇಳಿದ್ದು ಅದೊಂದನ್ನೇ. ಅದಕ್ಕಾಗಿ ಅವರಿಗೆ ಈಮೇಲ್ ಬರೆದು ಕ್ಷಮೆ ಕೇಳಿದ್ದೇನೆ.

ಹಾಸ್ಟೆಲಿನಲ್ಲಿರುವ ಪ್ರತಿಗಳ ಮೇಲೆಲ್ಲ ಅವರ ಹೆಸರು ಬರೆದಾಯಿತು. ನೀವು ಕ್ಲಾಸಿನಲ್ಲಿ ಕಿತ್ತುಕೊಂಡವನ್ನು ದಯವಿಟ್ಟು ಸೌಜನ್ಯಳ ಕೈಲಿ ಕಳಿಸಿಕೊಡಿ ಸರ್. ಅವುಗಳ ಮೇಲೂ ಬರೆದು, ಮತ್ತೆ ಹಂಚಬೇಕು.

ತಮ್ಮ ವಿದ್ಯಾರ್ಥಿನಿ,
ಸಂಘಮಿತ್ರ
ಪ್ರಥಮ ಬಿ.ಎಸ್ಸಿ.