ಮಾಷ್ಟ್ರ ಕೋಣೆಯ ಬಾಗಿಲು

ತಂಗಿ ಶಮೀಮಾ, ಗಲ್ಫಿನ ಈ ಮಲಾಜಿನಿಂದ ಸಲಾಂ.

ಇವತ್ತು ಡ್ರೈವರ್ ನಾನು ಪಕ್ಕದ ಸೀಟಲ್ಲಿ, ಕಾರು ಬಿಟ್ಟದ್ದು ನನಗೆ ಕೆಲಸ ಕೊಟ್ಟ ಧಣಿ, ಕಫೀಲನ ಮಗಳು. ಅಮೆರಿಕದಲ್ಲಿ ಓದಿ ಬಂದವಳು, ಎಂತ ಕೈ ಮಾರಾಯ್ತಿ! ನಿನ್ನ ಮಗಳು ಸಬೀನಾ ಅಲ್ಲಿಗೆ ಓದ್ಲಿಕ್ಕೆ ಹೋಗುದಿಲ್ಲ, ಹೆದರಿಕೆ ಅಂತಾಳೆ ಅಂತ ಅವಳಲ್ಲಿ ಹೇಳಿದೆ.

"ನಾನೂ ಮೊದಲ ಪರೀಕ್ಷೆಯಲ್ಲಿ ಫೇಲು," ಅಂದಳು. "ಅರ್ಥ ಆಗದಿದ್ರೂ ಸುಮ್ಮನೆ ತಲೆ ಆಡಿಸ್ತಿದ್ದೆ. ಅಲ್ಲಿ ಮಾಷ್ಟ್ರು ವಾರವಾರ ಕೋಣೆಯ ಬಾಗಿಲು ತೆರೆದಿಟ್ಟು ನಮಗೋಸ್ಕರವೇ ಕೂತಿರ್ತಾರೆ. ಹೋಗಿ ಕೇಳಿದ್ರೆ ಅವರಿಗೆ ಖುಷಿ."

ನಾನು ಮಾಷ್ಟ್ರ ಕೋಣೆಗೆ ಹೋದದ್ದು ಬೆತ್ತ ತರ್ಲಿಕ್ಕೆ ಮಾತ್ರ, ಅದೂ ನನಗೇ ಹೊಡೀಲಿಕ್ಕೆ.

ಸಬೀನಾ ಟಿಕೆಟ್ ಕ್ಯಾನ್ಸಲ್ ಮಾಡುದು ಬೇಡ. ಗೊತ್ತಾಗದಿದ್ರೆ ಹೋಗಿ ಕೇಳ್ಲಿ. ವಾಪಸ್ ಬಂದು ಈ ಮಾಮನನ್ನು ಪಕ್ಕದ ಸೀಟಲ್ಲಿ ಕೂರಿಸ್ಲಿಕ್ಕುಂಟು ಅವಳಿಗೆ.

ಖರ್ಜೂರ ಎದುರಲ್ಲಿದ್ರೂ ನನ್ನ ಶುಗರ್ ಸರಿ ಉಂಟು. ಹೊರಗೆ ಹಾರ್ನ್ ಹೊಡೀತಿದ್ದಾಳೆ, ಡ್ರೈವರಮ್ಮನಿಗೆ ಲೇಟಾಯ್ತಂತೆ.

ನಿನ್ನ ಪೊಡಿಯಬ್ಬಣ್ಣ