ಅವ್ವನ ಕೈಗೆ ಕೊಟ್ಟ ಗುಂಡಿ

ನಂಜನಗೂಡು
18 ಆಗಸ್ಟ್ 2024

ಪ್ರೀತಿಯ ಅಕ್ಕಾ,

ಜೈ ಭೀಮ್. ಹೇಗಿದ್ದೀಯ? ಕಾಲಿನ ಊತ ಇಳಿಯಿತಾ? ಆರು ತಿಂಗಳ ಬಸುರಿ, ಹಾಸಿಗೆ ಬಿಟ್ಟು ಏಳಬೇಡ ಎಂದು ಡಾಕ್ಟರೇ ಹೇಳಿರುವಾಗ, ರಾಯಚೂರಿನಿಂದ ಬರಲಾಗಲಿಲ್ಲವಲ್ಲ ಎಂದು ಕೊರಗುತ್ತಾ ಕೂರಬೇಡ. ಭಾವನಿಗೆ ಹೇಳಿ ಎಳನೀರು ತರಿಸಿಕೊಂಡು ಕುಡಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ನಮ್ಮದು ಒಂದೇ ಕೋಣೆಯ ಮನೆ, ಅವ್ವ ಮಲಗಿದಲ್ಲಿಂದಲೇ ಎಲ್ಲ ಕೇಳಿಸಿಕೊಳ್ಳುತ್ತಾಳೆ. ಅದಕ್ಕೇ ಕಾಗದ.

ಅವ್ವನ ಹೊಲಿಗೆ ಬಿಚ್ಚಿದ್ದಾರೆ, ಅನ್ನ ಸೇರುತ್ತಿದೆ. ಮೈಸೂರಿನ ಆಸ್ಪತ್ರೆಯಲ್ಲಿ ಕರುಳಿನ ಗಡ್ಡೆ ತೆಗೆದ ಮೇಲೆ ಏನೇನಾಯಿತು ಎಂದು ನಿನಗೆ ಪೂರ್ತಿ ಹೇಳಿರಲಿಲ್ಲ. ಆಪರೇಷನ್ನಿಗೆ ಮುಂಚೆಯೇ ಅವಳ ಬೆನ್ನುಮೂಳೆಯ ಸಂದಿಗೆ ದಾರದಷ್ಟು ಸಣ್ಣ ನಳಿಕೆ ಕೂರಿಸಿದ್ದರು. ಮೆಷಿನ್ನಿನಿಂದ ನೋವಿನ ಔಷಧಿ ಅದರೊಳಗೆ ಸಣ್ಣಗೆ ಇಳಿಯುತ್ತಲೇ ಇತ್ತು. ಅದು ಸಾಲದಾದಾಗ ಒತ್ತಿಕೊಳ್ಳಲು ಅವಳ ಕೈಗೊಂದು ಗುಂಡಿ. ಎಷ್ಟು ಸಲ ಒತ್ತಿದರೂ ಮೆಷಿನ್ನು ಮಿತಿ ಮೀರಿ ಬಿಡುವುದಿಲ್ಲವಂತೆ, ಆದರೆ ರೋಗಿಯೇ ಒತ್ತಬೇಕು. ಪಕ್ಕದ ಹಾಸಿಗೆಯಲ್ಲಿದ್ದ ಬಿಳಿಗೆರೆಯ ನಾಗರತ್ನಮ್ಮನಿಗೂ ಬೆನ್ನಿಗೆ ನಳಿಕೆಯಿತ್ತು, ಮೆಷಿನ್ನು ಇರಲಿಲ್ಲ. ನರ್ಸು ಬಂದು ಸಿರಿಂಜಿನಲ್ಲಿ ಔಷಧಿ ಹಾಕಿ ಹೋಗುತ್ತಿದ್ದರು. “ನಂಗೆ ನರ್ಸಮ್ಮ ಬರೋಗಂಟ ಕಾಯೋ ಕರ್ಮ. ನಿಮ್ಮವ್ವನ ಪುಣ್ಯ ನೋಡವ್ವ, ನೋವಿನ್ ಮದ್ದು ಅವ್ಳ ಕೈಯಾಗೇ ಅದೆ” ಎಂದು ಆಕೆ ಹೊಟ್ಟೆಕಿಚ್ಚು ಪಡುತ್ತಿದ್ದರು.

ನಮ್ಮವ್ವ ಒತ್ತಿದರೆ ತಾನೆ! ಹಲ್ಲು ಕಚ್ಚಿ ಮಲಗಿದ್ದಳು. ನೋವಿಗೆ ಹೆದರಿ ಕೆಮ್ಮದೆ, ಉಸಿರು ಪೂರ್ತಿ ಎಳೆಯದೆ ಇದ್ದರೆ ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ ಎಂದು ಡಾಕ್ಟರು ಎಚ್ಚರಿಸಿದರು. ಕೈಮುಗಿದು ಬೇಡಿಕೊಂಡೆ. “ತಡ್ಕತೀನಿ ಬುಡವ್ವ, ಔಸ್ದಿನೆಲ್ಲ ನಾನೊಬ್ಳೇ ಮುಗಿಸ್ಬುಟ್ರೆ?” ಎಂದು ಮುಖ ತಿರುಗಿಸಿದಳು. ಅಷ್ಟರಲ್ಲಿ ನಿನ್ನ ಫೋನು ಬಂತು. ನೀನು ಹೇಳಿದ್ದು ಒಂದೇ ಮಾತು, “ಒತ್ತವ್ವ.” ಒತ್ತಿದಳು. ಸ್ವಲ್ಪ ಹೊತ್ತಿಗೆ ಎದ್ದು ಕೂತು ಕೆಮ್ಮಿದಳು. “ನನ್ ದೊಡ್ಮಗಳು ಲೆಕ್ಚರರ್ರು, ಅವ್ಳು ಯೋಳುದ್ ಮೇಲಾಯ್ತು” ಎಂದು ವಾರ್ಡಿಗೆಲ್ಲ ಸಾರಿದಳು. ಆಗ ನನ್ನ ಕೈಯಲ್ಲಿದ್ದದ್ದು ಅವಳ ಉಚ್ಚೆಯ ಚೀಲ ಅಕ್ಕಾ. ಫ್ಯಾಕ್ಟರಿಗೆ ರಜೆ ಹಾಕಿ, ಬೆಂಚಿನ ಮೇಲೆ ಮಲಗಿ ಕಾದವಳು ನಾನು. ತಿ. ನರಸೀಪುರದಿಂದ ಬಂದ ಮಂಟೇಸ್ವಾಮಿ ಮಾವನೂ ನನ್ನ ಮುಖ ನೋಡುತ್ತಲೇ ಕೇಳಿದ್ದು, “ದೊಡ್ಡವ್ಳು ಬರ್ನಿಲ್ವಾ?” ಅಂತ. ನಿನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ, ಅವರು ತಂದ ಟೀ ಕುಡಿಯದೆ ಸುರಿದುಬಿಟ್ಟೆ.

ಮಾರನೇ ದಿನ ಅವ್ವ ಮತ್ತೆ ಒತ್ತಲಿಲ್ಲ. ನಿನಗೆ ಫೋನು ಮಾಡಿದರೆ ಸಿಗಲಿಲ್ಲ. ಸಂಜೆಯ ಹೊತ್ತಿಗೆ ಮೈ ಬೆವೆತು, ನರಳಿ ನರಳಿ ಸಣ್ಣ ಜೋಂಪು ಹತ್ತಿತ್ತು. ಕನ್ನಡಕ ಇರಲಿಲ್ಲ. ಅರೆಗಣ್ಣು ಬಿಟ್ಟು ನನ್ನ ಕಡೆ ನೋಡಿ, ನೀನೆಂದುಕೊಂಡು, “ಸಂಘೂ, ಬಂದ್ಯಾ ಮಗಾ?” ಎಂದಳು. ಅಲ್ಲ ಎನ್ನಲು ಬಾಯಿ ತೆರೆದೆ. “ಊಂ, ಬಂದೆ. ಒತ್ತವ್ವ” ಎಂದುಬಿಟ್ಟೆ. ಒತ್ತಿದಳು. ಆಮೇಲೆ ನನ್ನ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು, ನಿದ್ದೆ ಬರುವವರೆಗೂ ಬಿಡಲಿಲ್ಲ. ನಾನು ಹುಟ್ಟಿದಾಗಿನಿಂದ ಅವ್ವ ನನ್ನನ್ನು ಹಾಗೆ ಮುಟ್ಟಿದ್ದು ನೆನಪಿಲ್ಲ. ಕೈ ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ, ಆ ಮುದ್ದು ನಿನ್ನ ಪಾಲಿನದೆಂದು ಗೊತ್ತಿದ್ದರೂ. ನಿನ್ನ ಕೆಲಸ, ನಿನ್ನ ಮನೆ ಕಂಡು ಎಂದೂ ಹೊಟ್ಟೆ ಉರಿದಿರಲಿಲ್ಲ. ಆವತ್ತು ಉರಿಯಿತು. ಇವತ್ತೂ ಆರಿಲ್ಲ.

ಭಾವನಿಗೆ ನಮಸ್ಕಾರ ಹೇಳು. ಹೊಟ್ಟೆಯೊಳಗಿನ ಕೂಸಿಗೆ ಈ ಚಿಕ್ಕಮ್ಮನ ಮುತ್ತು.

ನಿನ್ನ ತಂಗಿ,
ಧನುಶ್ರೀ

ಮರೆತಿದ್ದೆ: ಕೀಮೋ ಕೊಡಿಸಲೇಬೇಕು, ತಡ ಮಾಡಬೇಡಿ ಎಂದಿದ್ದಾರೆ ಡಾಕ್ಟರು. “ಇನ್ನು ಆಸ್ಪತ್ರೆ ಮೆಟ್ಲು ಅತ್ತಕ್ಕಿಲ್ಲ” ಎಂದು ಅವ್ವ ಹಟ ಹಿಡಿದಿದ್ದಾಳೆ, ಅತ್ತೂ ಕರೆದೂ ನನಗೆ ಸಾಕಾಯಿತು. ಕಾಗದ ಸೇರಿದ ಕೂಡಲೇ ಫೋನು ಮಾಡಿ ನೀನೇ ಹೇಳಕ್ಕಾ. ಫೋನನ್ನು ಅವಳ ಕೈಗೆ ಕೊಟ್ಟು ನಾನು ಹೊರಗೆ ಹೋಗಿರುತ್ತೇನೆ.