ಪೈಪಿನ ಮೇಲಿನ ಡಬ್ಬಿ

ಫೆಬ್ರವರಿ ೪

ಬೆಲ್ಟ್ ಮತ್ತೆ ಜಾರಿತು. ಬಿಗಿ ಮಾಡಿ ಇಂಜಿನ್ ಶುರು ಮಾಡುವಷ್ಟರಲ್ಲಿ ಬಿಸಿಲೇರಿತ್ತು. ಬೀಸಿಸಲು ಬಂದವರು ಹಳೇ ಗಿರಾಕಿಗಳೇ. ಲೇಔಟಿನವರು ಪ್ಯಾಕೆಟ್ ಹಿಟ್ಟಿನವರು, ಗಿರಣಿ ಕಡೆ ತಲೆ ಹಾಕುವುದಿಲ್ಲ.

ಅಮ್ಮ ಬಂದಳು. ಲೇಔಟಿನಲ್ಲಿರುವ ತಮ್ಮನ ಮನೆಯಿಂದ, ಎಂದಿನಂತೆ ಒಬ್ಬಳೇ. ಕೋಲು ಮೂಲೆಗಿಟ್ಟು, ಚೀಲದ ಮೇಲೆ ಕೂತು ಶುರು ಹಚ್ಚಿಕೊಂಡಳು.

"ಏನೇ ಇವತ್ತು ಇಷ್ಟು ತಡ? ಆಗಿಂದ ಗೇಟ್ ಹತ್ರ ನಿಂತೇ ಇದ್ದೆ."

ನಾನು ತಡ ಮಾಡಿದರೆ ಇವಳೇಕೆ ಲೇಔಟಿನ ಗೇಟಿನಲ್ಲಿ ನಿಲ್ಲಬೇಕೋ! ಕಣ್ಣು ಮಂಜಾದರೂ ಯಜಮಾನಿಕೆ ಮಂಜಾಗಿಲ್ಲ.

ಫೆಬ್ರವರಿ ೯, ಸಂಜೆ

ಮೈಯೆಲ್ಲ ಉರಿಯುತ್ತಿದೆ. ತಮ್ಮ ಬಂದಿದ್ದ. ತಮ್ಮನಾಗಿ ಅಲ್ಲ — ಲೇಔಟ್ ಅಸೋಸಿಯೇಷನ್ನಿನ ಸೆಕ್ರೆಟರಿಯಾಗಿ. ಇಸ್ತ್ರಿ ಶರ್ಟು. ಹಿಟ್ಟು ತಾಗೀತೆಂದು ಬಾಗಿಲಲ್ಲೇ ನಿಂತ.

"ಅಕ್ಕ, ಕೋಪ ಮಾಡ್ಕೋಬೇಡ. ಆ ಕೂಕ್ ಕೂಕ್ ಸದ್ದಿಗೆ ಜನಕ್ಕೆ ತಲೆ ಚಿಟ್ಟು ಹಿಡಿದಿದೆ. ಪೈಪ್ ಮೇಲಿನ ಡಬ್ಬಿ ತೆಗೆದುಬಿಡು. ಬರೀ ಡಬ್ಬಿ ತಾನೇ?"

ಬರೀ ಡಬ್ಬಿಯಂತೆ! ಇಂಜಿನ್ನಿನ ಹೊಗೆ ಪೈಪಿನ ತುದಿಗೆ ಅಪ್ಪ ತೂತು ಕೊರೆದ ಡಬ್ಬಿ ಸಿಕ್ಕಿಸಿದ್ದು ಯಾಕೆ? ಗಿರಣಿ ಶುರುವಾದದ್ದು ದೂರದ ಹೊಲದವರಿಗೂ ಕೇಳಲಿ ಅಂತ. ಆಗ ಸುತ್ತ ಒಂದು ಮನೆ ಇರಲಿಲ್ಲ. ಕೂಕ್ ಕೂಕ್ ಕೇಳಿದ ಮೇಲೇ ಜನ ಕಾಳಿನ ಚೀಲ ಹೊತ್ತು ಹೊರಡುತ್ತಿದ್ದರು. ಈ ಸದ್ದು ಕೇಳುತ್ತ ತೊಟ್ಟಿಲಲ್ಲಿ ನಿದ್ದೆ ಹೊಡೆದವನು ಬಂದು ಹೇಳುತ್ತಾನೆ, ತಲೆ ಚಿಟ್ಟು!

ತನ್ನ ಪಾಲಿನ ಬಾವಿ ಹೊಲ ಮಾರಿದ. ಬಾವಿ ಮುಚ್ಚಿ ಕ್ಲಬ್ ಹೌಸ್ ಕಟ್ಟಿದರು. ಕೆರೆ ಏರಿ ಈಗ ವಾಕಿಂಗ್ ಟ್ರ್ಯಾಕು. ಮಾವಿನ ಸಾಲು ಕಡಿದು, ಅದೇ ಜಾಗದಲ್ಲಿ 'ಮ್ಯಾಂಗೋ ಅವೆನ್ಯೂ' ಅಂತ ಬೋರ್ಡು. ಕಡಿದದ್ದರ ಹೆಸರನ್ನೇ ಇಡುವುದಕ್ಕೆ ಎಂಥ ಭಂಡತನ ಬೇಕು.

ಫೆಬ್ರವರಿ ೧೬

ಮೀಟಿಂಗಿಗೆ ಕರೆಸಿದರು. ಕ್ಲಬ್ ಹೌಸಿನ ಹಾಲ್‌ನಲ್ಲಿ. ಸರಿಯಾಗಿ ನಮ್ಮ ಬಾವಿಯ ಮೇಲೆ ಕೂರಿಸಿ, ಕುಡಿಯಲು ಬಾಟಲಿ ನೀರು ಕೊಟ್ಟರು! ಮುಟ್ಟಲಿಲ್ಲ.

ಪ್ರೆಸಿಡೆಂಟರು ತುಂಬಾ ಮರ್ಯಾದಸ್ಥರು. ಮೇಡಂ ಮೇಡಂ ಅನ್ನುತ್ತಲೇ ಕತ್ತು ಕೊಯ್ದರು.

"ಪ್ರಶಾಂತವಾಗಿರುತ್ತೆ ಅಂತ ತಾನೇ ಮೇಡಂ ನಾವೆಲ್ಲ ಹಳ್ಳಿ ಕಡೆ ಬಂದಿದ್ದು?"

"ನೀವು ಸೈಟ್ ನೋಡೋಕೆ ಬಂದಾಗ ಗಿರಣಿ ಮೂಕವಾಗಿತ್ತಾ ಸ್ವಾಮಿ?"

ಯಾರೋ ನಕ್ಕರು. ತಮ್ಮ ಫೋನಿನಲ್ಲಿ ಮುಖ ಹುದುಗಿಸಿ ಕೂತಿದ್ದ. ಡಬ್ಬಿ ತೆಗೆಯದಿದ್ದರೆ ದೂರು ಕೊಡಬೇಕಾಗುತ್ತದೆ, ಆಮೇಲೆ ಲೈಸೆನ್ಸಿಗೇ ತೊಂದರೆ... ನಯವಾಗಿ ತಿಳಿಸಿದರು. ಒಪ್ಪಿಕೊಂಡು ಬಂದೆ. ಹೊಟ್ಟೆಪಾಡು. ನಾಚಿಕೆಯಾಗುತ್ತಿದೆ.

ಫೆಬ್ರವರಿ ೧೭

ಡಬ್ಬಿ ಇಳಿಸಿದೆ. ಒಳಗೆಲ್ಲ ಅಪ್ಪನ ಕಾಲದ ಮಸಿ. ಇಂಜಿನ್ ಈಗ ಗಂಟಲು ಕಟ್ಟಿದವರ ಹಾಗೆ ಗೊರಗೊರ ಅನ್ನುತ್ತದೆ. ಸದ್ದು ರಸ್ತೆ ದಾಟುವುದಿಲ್ಲ.

ಅಮ್ಮ ಬರಲಿಲ್ಲ.

ಫೆಬ್ರವರಿ ೨೦

ಇವತ್ತೂ ಇಲ್ಲ. ಡಬ್ಬಿ ಇಳಿಸಿದ್ದಕ್ಕೆ ಮುನಿಸೋ? ತಮ್ಮನಿಗೆ ಫೋನ್ ಮಾಡಿದರೆ "ಆರಾಮಾಗಿದ್ದಾಳೆ" ಅಂದು ಇಟ್ಟ. ನಾನಂತೂ ಆ ಗೇಟ್ ದಾಟುವವಳಲ್ಲ. ವಾಚ್‌ಮನ್ ಹೆಸರು ಕೇಳುತ್ತಾನೆ, ಯಾರ ಮನೆಗೆ ಅನ್ನುತ್ತಾನೆ — ನಮ್ಮ ಹೊಲಕ್ಕೆ ಕಾಲಿಡುವುದಕ್ಕೆ!

ಫೆಬ್ರವರಿ ೨೩, ಸಂಜೆ



ಮಧ್ಯಾಹ್ನ ತಮ್ಮ ಓಡಿ ಬಂದ. ಕಾಲಲ್ಲಿ ಒಂದೇ ಚಪ್ಪಲಿ. "ಅಮ್ಮ ಬಂದಳಾ?" ಬಂದಿಲ್ಲ. ಬೆಳಿಗ್ಗೆ ಮನೆ ಬಿಟ್ಟವಳು ಎಲ್ಲೂ ಇಲ್ಲವಂತೆ. ಹಿಂದಿನ ಗೇಟಿನಲ್ಲಿ ಹೋದದ್ದನ್ನು ವಾಚ್‌ಮನ್ ನೋಡಿದ್ದಾನೆ. ಅದರಾಚೆ ಹೊಸ ರಸ್ತೆ ಕೆಲಸ. ಗುಂಡಿಗಳು, ಲಾರಿಗಳು...

"ದಿನಾ ಗೇಟಲ್ಲಿ ನಿಂತು 'ಇವತ್ತೂ ಗಿರಣಿ ರಜೆನಾ' ಅಂತ ಕೇಳ್ತಿದ್ದಳು ಅಕ್ಕ. ನಾನು ಕಿವಿಗೇ ಹಾಕ್ಕೊಳ್ಳಲಿಲ್ಲ. ಇವತ್ತು ಹೇಳಿದೆ, ರಜೆ ಇಲ್ಲ, ನಡೀತಿದೆ ಅಂತ. ಕೋಲು ತಗೊಂಡು ಹೊರಟೇಬಿಟ್ಟಳು."

ಹೇಳುತ್ತ ಹೇಳುತ್ತ ಅವನಿಗೇ ಹೊಳೆಯಿತು. ನನಗೂ. ಎಲ್ಲ ಒಂದೇ ಥರದ ಮನೆ, ಒಂದೇ ಥರದ ರಸ್ತೆ, ಮಂಜು ಕಣ್ಣು. ಇಷ್ಟು ದಿನ ಅವಳು ಸದ್ದು ಹಿಡಿದುಕೊಂಡು ಬರುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ.

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅಷ್ಟರಲ್ಲಿ "ಡಬ್ಬಿ ಎಲ್ಲಿ?" ಅಂದ. ಮೂಲೆ ತೋರಿಸಿದೆ. ಸೆಕ್ರೆಟರಿ ಸಾಹೇಬರು ಇಸ್ತ್ರಿ ಶರ್ಟಿನಲ್ಲೇ ತಗಡಿನ ಮಾಡು ಹತ್ತಿದರು.

"ಇಂಜಿನ್ ನಿಲ್ಲಿಸ್ತೀನಿ ಇರೋ, ಪೈಪ್ ಸುಡುತ್ತೆ!"

ಕೇಳಲಿಲ್ಲ. ಬರಿಗೈಯಲ್ಲೇ ಸಿಕ್ಕಿಸಿದ. ಕೂಕ್... ಕೂಕ್...

ತಮ್ಮನ ಹೆಂಡತಿ, ವಾಚ್‌ಮನ್ ಎಲ್ಲ ಹುಡುಕುತ್ತಿದ್ದರು. ನಾನೂ ಹೊರಟೆ. "ನೀನು ಇಂಜಿನ್ ಬಿಟ್ಟು ಕದಲಬೇಡ" ಅಂದ. ಇಬ್ಬರೂ ಬಾಗಿಲಲ್ಲೇ ನಿಂತೆವು. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡಿದ್ದ, ಚಿಕ್ಕವನಿದ್ದಾಗಿನ ಹಾಗೆ.

ಬಂದಳು. ಹೊಸ ರಸ್ತೆ ಕಡೆಯಿಂದ, ಕೋಲೂರಿಕೊಂಡು. ಬಟ್ಟೆಗೆಲ್ಲ ಕೆಂಪು ಮಣ್ಣು, ಮೊಣಕೈ ತರಚಿತ್ತು. ನೆಟ್ಟಗೆ ಒಳಗೆ ಹೋಗಿ ಚೀಲದ ಮೇಲೆ ಕೂತಳು.

"ಇಷ್ಟು ದಿನ ರಜೆ ಹಾಕಿದರೆ ಗಿರಾಕಿಗಳು ಉಳೀತಾರೇನೇ? ... ಇವನ್ಯಾಕೆ ಅಳ್ತಿದ್ದಾನೆ?"

ಫೆಬ್ರವರಿ ೨೪, ಬೆಳಿಗ್ಗೆ

ಶುರು ಮಾಡಿದೆ. ಡಬ್ಬಿ ಸಮೇತ. ಕೂಡಲೇ ಪ್ರೆಸಿಡೆಂಟರ ಫೋನು.

"ಮೇಡಂ, ನೀವು ಒಪ್ಪಿಕೊಂಡಿದ್ರಿ."

"ನಿಮ್ಮ ಸೆಕ್ರೆಟರಿನೇ ಕೇಳಿ. ಹತ್ತಿ ಹಾಕಿದ್ದು ಅವನು."

ದೂರು ಕೊಡುತ್ತಾರಂತೆ. ಕೊಡಲಿ. ಲೈಸೆನ್ಸ್ ಕಿತ್ತುಕೊಳ್ಳುವವರು ಬರಲಿ, ಅಮ್ಮನ ಪಕ್ಕ ಅದೇ ಚೀಲದ ಮೇಲೆ ಕೂರಿಸಿ ಕೇಳುತ್ತೇನೆ, ನಾಳೆ ಇವಳು ಯಾವ ಬೋರ್ಡು ಓದಿಕೊಂಡು ಬರಬೇಕು ಅಂತ—

ಕೋಲಿನ ಸದ್ದು. ಬಂದಳು. ಇವತ್ತು ತಡ ಮಾಡಿಲ್ಲ ನಾನು, ಆದರೂ ಬೈಯುವುದಕ್ಕೆ ಏನಾದರೂ ಹುಡುಕಿಕೊಂಡೇ ಬಂದಿರುತ್ತಾಳೆ.